ಡಾಫ್ಟ್ ಪಂಕ್: ಒಂದೇ ಆಲ್ಬಂ ಕೊಳ್ಳುವುದಾದರೆ ಯಾವುದು, ಯಾರ ಮಾತು ನಂಬುವುದು?

ನನ್ನ ತಂಗಿಯ ಮಗನಿಗೆ ಕೆಲಸ ಸಿಕ್ಕಿ ವರ್ಷವಾಗುತ್ತಾ ಬಂತು. ಮೊದಲ ಬೋನಸ್‌ನಲ್ಲಿ ರೆಕಾರ್ಡ್ ತಟ್ಟೆ ಹಾಕಿ ಕೇಳುವ ಒಂದು ಟರ್ನ್‌ಟೇಬಲ್ ತಂದಿಟ್ಟುಕೊಂಡಿದ್ದಾನೆ. ತಂದ ಮೇಲೆ ಕೈಯಲ್ಲಿ ಉಳಿದದ್ದು ಒಂದೇ ಒಂದು ಎಲ್‌ಪಿ ತಟ್ಟೆಗೆ ಆಗುವಷ್ಟು ದುಡ್ಡು. ಹೋದ ಭಾನುವಾರ ಫೋನ್ ಮಾಡಿದ. "ಮಾಮ, ಡಾಫ್ಟ್ ಪಂಕ್ ತಗೋಬೇಕು ಅಂತಿದ್ದೀನಿ. 'ರ‍್ಯಾಂಡಮ್ ಆಕ್ಸೆಸ್ ಮೆಮರೀಸ್' ಬಗ್ಗೆ ಒಬ್ಬರು ಇಂಥ ಆಲ್ಬಂ ಮತ್ತೆ ಬರಲ್ಲ ಅಂತಾರೆ. ಇನ್ನೊಬ್ಬರು ಹೋಟೆಲ್ ಲಿಫ್ಟ್‌ನಲ್ಲಿ ಹಾಕೋ ಸಂಗೀತ ಅಂತಾರೆ. ಇಬ್ಬರೂ ಕೇಳಿದ್ದು ಒಂದೇ ಆಲ್ಬಮ್ಮಾ?"

ಆಲ್ಬಂ ಒಂದೇ. ಇಬ್ಬರೂ ಅದರಿಂದ ಬಯಸಿದ್ದು ಬೇರೆ ಬೇರೆ, ಅಷ್ಟೇ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇನ್ನೂ ನಾಲ್ಕಾರು ಜನ ಕೇಳಿದ್ದಾರೆ.

ಗೊತ್ತಿಲ್ಲದವರಿಗೆ ಎರಡು ಮಾತು. ಡಾಫ್ಟ್ ಪಂಕ್ ಅಂದರೆ ಪ್ಯಾರಿಸ್ಸಿನ ಇಬ್ಬರು ಗೆಳೆಯರು. ತೋಮಾ ಬಂಗಾಲ್ತೆರ್ ಮತ್ತು ಗೀ-ಮಾನ್ಯುಯೆಲ್ ದ ಒಮೆಮ್-ಕ್ರಿಸ್ತೊ. ಶಾಲೆಯಲ್ಲಿ ಸಿಕ್ಕಿದವರು. ಮೊದಲು ಒಂದು ಗಿಟಾರ್ ಬ್ಯಾಂಡ್ ಕಟ್ಟಿದ್ದರು. ಅದನ್ನು ಬ್ರಿಟನ್ನಿನ ವಾರಪತ್ರಿಕೆಯೊಂದು 'ಡಾಫ್ಟ್' (ಪೆದ್ದು) ಎಂದೂ 'ಪಂಕಿ' ಎಂದೂ ಗೇಲಿ ಮಾಡಿತು. ಆ ಬೈಗುಳವನ್ನೇ ಹೆಸರಾಗಿ ಇಟ್ಟುಕೊಂಡರು. ವಿಮರ್ಶಕರಿಗೂ ಇವರಿಗೂ ಇರುವ ಸಂಬಂಧ ಹೀಗೆ ಹೆಸರಿನಿಂದಲೇ ಶುರುವಾಗಿದೆ! ಆಮೇಲೆ ರೋಬಾಟ್ ಶಿರಸ್ತ್ರಾಣ ಹಾಕಿಕೊಂಡರು, ಮುಖ ತೋರಿಸುವುದನ್ನೇ ಬಿಟ್ಟರು. 2021ರ ಫೆಬ್ರವರಿ 22ರಂದು ಒಂದು ವೀಡಿಯೊ ಬಿಟ್ಟು ಬೇರೆಯಾದರು. ಆದ್ದರಿಂದ ಹೊಸ ಆಲ್ಬಂ ಬರಲಿ, ಆಮೇಲೆ ನೋಡೋಣ ಎನ್ನುವ ಹಾಗಿಲ್ಲ. ಇರುವುದರಲ್ಲೇ ಆರಿಸಬೇಕು.

ಆಯ್ಕೆಗೆ ನಿಲ್ಲುವುದು ಐದು. 'ಹೋಮ್‌ವರ್ಕ್' (1997), 'ಡಿಸ್ಕವರಿ' (2001), 'ಹ್ಯೂಮನ್ ಆಫ್ಟರ್ ಆಲ್' (2005), ವೇದಿಕೆಯ ಮೇಲೆ ನುಡಿಸಿದ 'ಅಲೈವ್ 2007', ಮತ್ತು 'ರ‍್ಯಾಂಡಮ್ ಆಕ್ಸೆಸ್ ಮೆಮರೀಸ್' (2013). 'ಟ್ರಾನ್: ಲೆಗಸಿ' ಸಿನಿಮಾಕ್ಕೆ ಮಾಡಿದ ಹಿನ್ನೆಲೆ ಸಂಗೀತವನ್ನು ಬೇಕೆಂದೇ ಬಿಟ್ಟಿದ್ದೇನೆ. ಅದು ದೊಡ್ಡ ವಾದ್ಯವೃಂದದ ಕೆಲಸ, ಅದರ ಲೆಕ್ಕವೇ ಬೇರೆ.

ಅಂಕ ನೋಡಿ ಕೊಳ್ಳಬೇಡಿ

ಮೊದಲು ಈ ಅಂಕಗಳ ಕತೆ ಮುಗಿಸಿಬಿಡೋಣ. ಅಮೆರಿಕದ ಪಿಚ್‌ಫೋರ್ಕ್ ಪತ್ರಿಕೆ 2001ರಲ್ಲಿ 'ಡಿಸ್ಕವರಿ'ಗೆ ಹತ್ತಕ್ಕೆ 6.4 ಕೊಟ್ಟಿತ್ತು. ಎಂಟು ವರ್ಷ ಕಳೆದು ಆ ದಶಕದ ಶ್ರೇಷ್ಠ ಆಲ್ಬಂಗಳ ಪಟ್ಟಿ ಮಾಡಿದಾಗ ಅದೇ ಪತ್ರಿಕೆ ಅದೇ ಆಲ್ಬಮನ್ನು ಮೂರನೇ ಸ್ಥಾನದಲ್ಲಿ ಕೂರಿಸಿತು. 2021ರಲ್ಲಿ ಹಳೆಯ ಅಂಕಗಳನ್ನು ತಿದ್ದಲು ಕೂತು ನೇರ 10 ಕೊಟ್ಟಿತು. ಅದೇ ಪಟ್ಟಿಯಲ್ಲಿ 'ರ‍್ಯಾಂಡಮ್ ಆಕ್ಸೆಸ್ ಮೆಮರೀಸ್' 8.8ರಿಂದ 6.8ಕ್ಕೆ ಇಳಿಯಿತು. ನಮ್ಮ ಪಿಯುಸಿ ಮರುಮೌಲ್ಯಮಾಪನದಲ್ಲೂ ಇಂಥ ಏರಿಳಿತ ನಾನು ಕಂಡಿಲ್ಲ.

ಹಾಗಂತ ವಿಮರ್ಶಕರಿಗೆ ಏನೂ ಗೊತ್ತಿಲ್ಲ ಎಂದು ನಾನು ಹೇಳುತ್ತಿಲ್ಲ. ಆಲ್ಬಂ ಬಂದ ವಾರದಲ್ಲಿ ಬರೆದವರು ಅದರ ಹಿಂದಿನದಕ್ಕೆ ಹೋಲಿಸಿ ಬರೆಯುತ್ತಾರೆ. 2001ರಲ್ಲಿ 'ಹೋಮ್‌ವರ್ಕ್' ಕಿವಿಯಲ್ಲಿ ಇಟ್ಟುಕೊಂಡು 'ಡಿಸ್ಕವರಿ' ಕೇಳಿದವರಿಗೆ ಅದು ತೀರಾ ಸಿಹಿಯಾಯಿತು. ಇಪ್ಪತ್ತು ವರ್ಷದ ನಂತರ ಕೇಳಿದವರು ಆ ಸಿಹಿಯಲ್ಲೇ ಬೆಳೆದವರು. ಅವರಿಗೆ ಅದು ಬಾಲ್ಯ. ನೀವು ಇವತ್ತು ಮೊದಲ ಸಲ ಕೇಳುವವರು. ನಿಮಗೆ ಈ ಎರಡೂ ಹೊರೆ ಇಲ್ಲ. ಅಂಕ ಬಿಡಿ, ಆದರೆ ಯಾಕೆ ಬೈದರು, ಯಾಕೆ ಹೊಗಳಿದರು ಅನ್ನುವುದನ್ನು ಮಾತ್ರ ಗಮನವಿಟ್ಟು ಓದಿ. ಒಬ್ಬರು ಬೈದ ಕಾರಣವೇ ನಿಮಗೆ ಕೊಳ್ಳುವ ಕಾರಣ ಆಗಬಹುದು.

ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ್ದು

ಎಲ್ಲಿ ಕೇಳುತ್ತೀರಿ? ಬಸ್ಸಿನಲ್ಲಿ ನಿಂತು ಇಯರ್‌ಫೋನಿನಲ್ಲೋ, ಮನೆಯಲ್ಲಿ ಕೂತು ಒಳ್ಳೆಯ ಸ್ಪೀಕರಿನಲ್ಲೋ, ಓಡುವಾಗಲೋ? ನನ್ನ ಪ್ರಕಾರ ಅರ್ಧ ತೀರ್ಮಾನ ಇಲ್ಲೇ ಆಗುತ್ತದೆ.

ಒಂದೇ ಸಾಲು ಮತ್ತೆ ಮತ್ತೆ ಬಂದರೆ ನಿಮಗೆ ಏನಾಗುತ್ತದೆ? ಭಜನೆಯಲ್ಲಿ ಒಂದೇ ಸಾಲು ಐವತ್ತು ಸಲ ಬರುತ್ತದೆ, ತಾಳ ಏರುತ್ತಾ ಹೋಗುತ್ತದೆ, ಮೈ ಬಿಸಿಯಾಗುತ್ತದೆ. ಅದು ಹಿಡಿಸುವವರಿಗೆ ಒಂದು ದಾರಿ. "ಇದೇನು, ಪಲ್ಲವಿ ಆಯ್ತು, ಚರಣ ಎಲ್ಲಿ?" ಎಂದು ಕಾಯುವವರಿಗೆ ಇನ್ನೊಂದು.

ಮೂರನೆಯದು, ಎಲೆಕ್ಟ್ರಾನಿಕ್ ಸಂಗೀತ ಅಂದರೆ ಯಂತ್ರದ ಸದ್ದೇ ಇರಬೇಕು ಅಂತ ನಿಮಗೆ ಅನಿಸುತ್ತದಾ? ಅಥವಾ ಒಳ್ಳೆಯ ಡ್ರಮ್ಮರ್ ಬಾರಿಸಿದರೂ ಆದೀತಾ? 2013ರ ದೊಡ್ಡ ಜಗಳ ಪೂರ್ತಿ ಇದರ ಮೇಲೆಯೇ ನಡೆದದ್ದು.

ಕೊನೆಯದು ದುಡ್ಡು. ಕೇಳಿ ನೋಡುವುದಕ್ಕೆ ದುಡ್ಡು ಬೇಕಾಗಿಲ್ಲ. ಐದೂ ಸ್ಟ್ರೀಮಿಂಗ್ ಆಪ್‌ಗಳಲ್ಲಿ ಇವೆ. ಎಲ್‌ಪಿ ಅಂದಾಗ ಮಾತು ಬೇರೆ. ಐದೂ ಎರಡೆರಡು ತಟ್ಟೆಯ ಸೆಟ್ಟುಗಳು, ಹೊರಗಿನಿಂದ ಬರುವಂಥವು, ಸಾವಿರಗಳ ಲೆಕ್ಕ. ಒಂದು ಎಲ್‌ಪಿ ದುಡ್ಡಿನಲ್ಲಿ ಎಷ್ಟೋ ತಿಂಗಳ ಚಂದಾ ಕಟ್ಟಬಹುದು. ಆದ್ದರಿಂದ ತಟ್ಟೆಯಲ್ಲೇ ಕೇಳಿದರೆ ಏನಾದರೂ ಹೆಚ್ಚು ಸಿಗುವುದಾದರೆ ಮಾತ್ರ ತಟ್ಟೆಗೆ ದುಡ್ಡು ಹಾಕಿ.

'ರ‍್ಯಾಂಡಮ್ ಆಕ್ಸೆಸ್ ಮೆಮರೀಸ್': ಎಲ್ಲರೂ ಕೊಂಡರು, ಎಲ್ಲರೂ ಜಗಳವಾಡಿದರು

ಇದರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಬಹಳ ಜನ ಬರುವುದು ಈ ಬಾಗಿಲಿನಿಂದ. 2013ರ ಏಪ್ರಿಲ್‌ನಲ್ಲಿ 'ಗೆಟ್ ಲಕ್ಕಿ' ಬಂತು. ಹಾಡಿದ್ದು ಫ್ಯಾರೆಲ್ ವಿಲಿಯಮ್ಸ್, ಗಿಟಾರ್ ನೈಲ್ ರಾಡ್ಜರ್ಸ್. ಬ್ರಿಟನ್ನಿನಲ್ಲಿ ಮೊದಲ ಸ್ಥಾನ, ಅಮೆರಿಕದಲ್ಲಿ ಎರಡನೆಯದು. ಆ ಬೇಸಿಗೆಯಲ್ಲಿ ಎಲ್ಲಿ ಹೋದರೂ ಅದೇ ಹಾಡು. ಮೇ ತಿಂಗಳಲ್ಲಿ ಆಲ್ಬಂ ಬಂತು. ಬಿಡುಗಡೆಯ ಸಡಗರ ಇಟ್ಟುಕೊಂಡದ್ದು ಆಸ್ಟ್ರೇಲಿಯಾದ ವೀ ವಾ ಎಂಬ ಹತ್ತಿ ಬೆಳೆಯುವ ಸಣ್ಣ ಊರಿನ ಜಾತ್ರೆಯಲ್ಲಿ. ಅಮೆರಿಕದಲ್ಲಿ ಮೊದಲ ವಾರವೇ 3,39,000 ಪ್ರತಿ ಹೋಯಿತು. ವಿಮರ್ಶೆಗಳ ಸರಾಸರಿ ಲೆಕ್ಕ ಹಾಕುವ ಮೆಟಾಕ್ರಿಟಿಕ್‌ನಲ್ಲಿ ನೂರಕ್ಕೆ 87. 2014ರ ಜನವರಿಯಲ್ಲಿ ವರ್ಷದ ಆಲ್ಬಂ ಸೇರಿ ಗ್ರ್ಯಾಮಿಗಳ ರಾಶಿಯೇ ಬಂತು.

ಇಷ್ಟಾದರೂ ಕೊಂಡವರಲ್ಲಿ ಬಹಳ ಜನ ಮುಖ ಸಪ್ಪೆ ಮಾಡಿಕೊಂಡರು. ಕಾರಣ ಸರಳ. 'ಗೆಟ್ ಲಕ್ಕಿ' ಥರದ ಹದಿಮೂರು ಹಾಡು ಸಿಗುತ್ತವೆ ಎಂದು ಕೊಂಡಿದ್ದರು. ಸಿಕ್ಕಿದ್ದು 74 ನಿಮಿಷದ ನಿಧಾನ ಆಲ್ಬಂ. ನಾಲ್ಕನೆಯ ಹಾಡಿನಲ್ಲಿ ನೋವಿನ ಪಿಯಾನೊ. ಏಳನೆಯದರಲ್ಲಿ ವಯಸ್ಸಾದ ಗಾಯಕ ಪಾಲ್ ವಿಲಿಯಮ್ಸ್ ನಡುಗುವ ದನಿಯಲ್ಲಿ 'ಟಚ್' ಹಾಡುತ್ತಾರೆ, ಎಂಟು ನಿಮಿಷ. ಇನ್ನೊಂದರಲ್ಲಿ ಡಿಸ್ಕೊ ಕಾಲದ ಸಂಗೀತ ನಿರ್ಮಾಪಕ ಜಾರ್ಜೊ ಮೊರೊಡರ್ ತಮ್ಮ ಜೀವನಚರಿತ್ರೆ ಹೇಳುತ್ತಾರೆ, ಒಂಬತ್ತು ನಿಮಿಷ. ಕುಣಿಯಲು ಬಂದವರಿಗೆ ಉಪನ್ಯಾಸ ಕೇಳಿಸಿದ ಹಾಗಾಯಿತು!

ವಿಮರ್ಶಕರ ತಕರಾರು ಬೇರೆ ಥರದ್ದು. ಇಡೀ ಹೊಸ ಪೀಳಿಗೆಗೆ ಲ್ಯಾಪ್‌ಟಾಪಿನಲ್ಲಿ ಸಂಗೀತ ಮಾಡಲು ಆಸೆ ಹುಟ್ಟಿಸಿದ ಇವರು, ಆ ಪೀಳಿಗೆ ಗೆಲ್ಲುತ್ತಿದ್ದಾಗಲೇ ಲ್ಯಾಪ್‌ಟಾಪ್ ಮುಚ್ಚಿ ಸ್ಟುಡಿಯೊಗೆ ಹೋದರು. ಒಮರ್ ಹಕೀಮ್, ಜೆಆರ್ ರಾಬಿನ್ಸನ್ ಡ್ರಮ್ಸ್; ನೇಥನ್ ಈಸ್ಟ್ ಬೇಸ್. ಎಪ್ಪತ್ತು-ಎಂಬತ್ತರ ದಶಕದ ದೊಡ್ಡ ದೊಡ್ಡ ಹಾಡುಗಳಲ್ಲಿ ನುಡಿಸಿದ ಕೈಗಳು. ಬೇರೆಯವರ ಹಾಡಿನ ತುಣುಕು ಬಳಸಿದ್ದು ಕೊನೆಯ 'ಕಾಂಟ್ಯಾಕ್ಟ್'ನಲ್ಲಿ ಮಾತ್ರ. ಪೂರ್ತಿ ಯಂತ್ರದಿಂದಲೇ ಮಾಡಿದ ಹಾಡು ಒಂದೇ, 'ಡೂಯಿನ್ ಇಟ್ ರೈಟ್'. "ಇದು ಹಳೆಯದರ ನೆನಪು ಮಾರುವ ಕೆಲಸ, ದುಡ್ಡಿದ್ದವರ ಹವ್ಯಾಸ" ಅಂತ ಕೆಲವರು. "ಇಲ್ಲ, ಡಿಸ್ಕೊಗೆ ಸಿಗಬೇಕಾದ ಮರ್ಯಾದೆ ಕೊಟ್ಟಿದ್ದಾರೆ" ಅಂತ ಇನ್ನು ಕೆಲವರು. ಎರಡನೆಯವರ ಮಾತಿಗೆ ಒಂದು ಹಿನ್ನೆಲೆ ಇದೆ. 1979ರಲ್ಲಿ ಷಿಕಾಗೊದ ಬೇಸ್‌ಬಾಲ್ ಮೈದಾನವೊಂದರಲ್ಲಿ ಡಿಸ್ಕೊ ತಟ್ಟೆಗಳನ್ನು ರಾಶಿ ಹಾಕಿ ಸಿಡಿಸಿದ್ದರು. ಆ ವರ್ಷ ಕಳೆದ ಮೇಲೆ ನೈಲ್ ರಾಡ್ಜರ್ಸ್ ಅವರ ಷೀಕ್ ತಂಡಕ್ಕೆ ದೊಡ್ಡ ಹಾಡೇ ಸಿಗಲಿಲ್ಲ. ಅದೇ ಮನುಷ್ಯ ಮೂವತ್ತನಾಲ್ಕು ವರ್ಷದ ನಂತರ ಗ್ರ್ಯಾಮಿ ವೇದಿಕೆಯಲ್ಲಿ ರೋಬಾಟ್‌ಗಳ ಜತೆ, ಸ್ಟೀವಿ ವಂಡರ್ ಜತೆ ಅದೇ ಗಿಟಾರ್ ಮೀಟುತ್ತಿದ್ದರು. ನನಗೆ ಆ ದೃಶ್ಯ ಇಷ್ಟ, ಹಾಗಾಗಿ ನಾನು ಪಕ್ಷಪಾತಿ ಅನ್ನುವುದನ್ನು ಒಪ್ಪಿಕೊಂಡುಬಿಡುತ್ತೇನೆ.

ಕೊಳ್ಳುವವರಿಗೆ ಮುಖ್ಯವಾದದ್ದು ರೆಕಾರ್ಡಿಂಗ್. ಮೊರೊಡರ್ ಹೇಳಿದ ಒಂದು ಪ್ರಸಂಗ ಇದೆ. ಅವರ ಮಾತು ರೆಕಾರ್ಡ್ ಮಾಡಲು ಬೇರೆ ಬೇರೆ ದಶಕದ ಮೈಕುಗಳನ್ನು ಇಟ್ಟಿದ್ದರಂತೆ. ಅರವತ್ತರ ದಶಕದ ಮಾತಿಗೆ ಆ ಕಾಲದ ಮೈಕು, ಈಗಿನ ಮಾತಿಗೆ ಈಗಿನದು. "ವ್ಯತ್ಯಾಸ ಯಾರಿಗೆ ಗೊತ್ತಾಗುತ್ತೆ?" ಎಂದು ಇವರು ಕೇಳಿದರೆ, "ತೋಮಾಗೆ ಗೊತ್ತಾಗುತ್ತೆ" ಎಂದು ಎಂಜಿನಿಯರ್ ಉತ್ತರ ಕೊಟ್ಟರಂತೆ. ಆಲ್ಬಂ ಪೂರ್ತಿ ಈ ಹುಚ್ಚಿನಲ್ಲೇ ಮಾಡಿದ್ದು. ಗ್ರ್ಯಾಮಿಯಲ್ಲಿ ಒಳ್ಳೆಯ ರೆಕಾರ್ಡಿಂಗ್‌ನ ಬಹುಮಾನವೂ ಇದಕ್ಕೇ ಬಂತು. ಈಗಲೂ ಹೊಸ ಸ್ಪೀಕರ್ ಪರೀಕ್ಷೆ ಮಾಡುವವರು ಮೊದಲು ಹಾಕುವ ಆಲ್ಬಂಗಳಲ್ಲಿ ಇದೊಂದು. ಆ ಕಾಲದ ಬಹಳಷ್ಟು ಪಾಪ್ ಆಲ್ಬಂಗಳ ಹಾಗೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ಜೋರು ಮಾಡಿಲ್ಲ. ಮೆಲ್ಲಗಿರಬೇಕಾದ್ದು ಮೆಲ್ಲಗೆ ಇದೆ, ಏರಬೇಕಾದ್ದು ಏರುತ್ತದೆ.

ಇದರ ಇನ್ನೊಂದು ಮುಖವೂ ಇದೆ. ಬಸ್ಸಿನ ಗದ್ದಲದಲ್ಲಿ ಆ ಮೆಲ್ಲಗಿನ ಜಾಗಗಳು ಕೇಳಿಸುವುದೇ ಇಲ್ಲ. ಕೆ.ಆರ್. ಪುರದಿಂದ ಸಿಲ್ಕ್ ಬೋರ್ಡ್‌ವರೆಗೆ ನಿಂತು ಹೋಗುವಾಗ ನಾನು ಇದರ 'ಮದರ್‌ಬೋರ್ಡ್' ಹಾಡು ಕೇಳಲು ನೋಡಿದೆ. ಕೇಳಿಸಿದ್ದು ಬರೀ ಹಾರ್ನ್. "ಏನೂ ಆಗಲ್ಲ ಈ ಆಲ್ಬಂನಲ್ಲಿ" ಅನ್ನುವವರಲ್ಲಿ ಅರ್ಧ ಜನ ಹೀಗೇ ಕೇಳಿರಬೇಕು ಅಂತ ನನ್ನ ಗುಮಾನಿ.

'ಡಿಸ್ಕವರಿ': ಬೈಸಿಕೊಂಡು ಗೆದ್ದದ್ದು

2000ದ ನವೆಂಬರಿನಲ್ಲಿ 'ಒನ್ ಮೋರ್ ಟೈಮ್' ಬಂದಾಗ ಹೌಸ್ ಎನ್ನುವ ಕ್ಲಬ್ ನೃತ್ಯ ಸಂಗೀತದವರಿಗೆ ಸಿಟ್ಟು ಬಂದದ್ದು ದನಿಯ ಶ್ರುತಿ ತಿದ್ದುವ ಆಟೋಟ್ಯೂನ್ ಮೇಲೆ. ರೊಮಾಂತನಿಯಂಥ ಒಳ್ಳೆಯ ಗಾಯಕನ ದನಿಯನ್ನು ಹಿಂಡಿ ಹೀಗೆ ಮಾಡುವುದಾ ಎಂದು. ಈಗ ನಮ್ಮ ಸಿನಿಮಾ ಹಾಡುಗಳಲ್ಲೂ ಆಟೋಟ್ಯೂನ್ ಕೇಳಿ ಕೇಳಿ ಕಿವಿ ಒಗ್ಗಿಹೋಗಿದೆ, ಆ ಸಿಟ್ಟು ಅರ್ಥವಾಗುವುದೇ ಕಷ್ಟ. ಆಲ್ಬಂ ಬಂದಾಗ ಇನ್ನಷ್ಟು ದೂರು. 'ಏರೋಡೈನಮಿಕ್'ನಲ್ಲಿ ಹೆವಿ ಮೆಟಲ್ ಗಿಟಾರ್ ಯಾಕೆ? 'ಡಿಜಿಟಲ್ ಲವ್' ಯಾಕೆ ಇಷ್ಟು ಸಿಹಿ? 'ಸೂಪರ್‌ಹೀರೋಸ್'ಗೆ ಹಳೆಯ ಸಿಹಿ ಪಾಪ್ ಗಾಯಕ ಬ್ಯಾರಿ ಮ್ಯಾನಿಲೊ ಹಾಡಿನ ತುಣುಕಾ, ಅಯ್ಯೋ!

ಅವರು ಮಾಡಿದ್ದು ಬೇಕೆಂದೇ. ಚಿಕ್ಕಂದಿನಲ್ಲಿ ಯಾವುದು ಮೇಲು ಯಾವುದು ಕೀಳು ಎಂದು ನೋಡದೆ ರೇಡಿಯೊದಲ್ಲಿ ಬಂದದ್ದನ್ನೆಲ್ಲ ಪ್ರೀತಿಯಿಂದ ಕೇಳುತ್ತಿದ್ದೆವಲ್ಲ, ಆ ಕಿವಿಯನ್ನು ವಾಪಸ್ ತರುವುದು ಅವರ ಆಸೆ. ಅದಕ್ಕೇ ಇಡೀ ಆಲ್ಬಮನ್ನು ಜಪಾನಿನ ಲೇಜಿ ಮಾತ್ಸುಮೊಟೊ ಅವರ ಕಡೆಯಿಂದ ಒಂದು ಕಾರ್ಟೂನ್ ಸಿನಿಮಾ ಮಾಡಿಸಿದರು. ಅವರ ಕಾರ್ಟೂನ್ ನೋಡಿಕೊಂಡೇ ಇವರಿಬ್ಬರೂ ಬೆಳೆದದ್ದು. ವಿಮರ್ಶಕರು ಆಗ "ಇದು ವ್ಯಂಗ್ಯವೋ ನಿಜವೋ?" ಎಂದು ತಲೆ ಕೆಡಿಸಿಕೊಂಡರು. ಕೇಳುಗರಿಗೆ ಆ ತೊಂದರೆ ಇರಲಿಲ್ಲ. ಕಾಲೇಜು ಹುಡುಗರು, ಮಕ್ಕಳು, ಮದುವೆ ಮನೆಯ ಡಿಜೆಗಳು ಸುಮ್ನೆ ಇಷ್ಟಪಟ್ಟರು. 2007ರಲ್ಲಿ ಅಮೆರಿಕದ ರ‍್ಯಾಪರ್ ಕಾನ್ಯೆ ವೆಸ್ಟ್ 'ಹಾರ್ಡರ್, ಬೆಟರ್, ಫಾಸ್ಟರ್, ಸ್ಟ್ರಾಂಗರ್' ಎತ್ತಿಕೊಂಡು ತಮ್ಮ ಹಾಡು ಮಾಡಿದ ಮೇಲಂತೂ ಕೇಳದವರೇ ಇಲ್ಲ.

ಅಂದರೆ ಇಲ್ಲಿ ಕೇಳುಗರು ಮೊದಲು ಬಂದರು, ವಿಮರ್ಶಕರು ಹಿಂದೆ ಬಂದರು. 'ರ‍್ಯಾಂಡಮ್...'ನಲ್ಲಿ ಹೆಚ್ಚುಕಡಿಮೆ ಉಲ್ಟಾ. ಅಲ್ಲಿ ವಿಮರ್ಶಕರು ಮೊದಲ ದಿನ ಹೊಗಳಿದರು. ಕೇಳುಗರು ಒಂದೆರಡು ಹಾಡು ಹಿಡಿದುಕೊಂಡು ಉಳಿದದ್ದನ್ನು ನಿಧಾನಕ್ಕೆ ಒಪ್ಪಿದರು. 'ಇನ್‌ಸ್ಟಂಟ್ ಕ್ರಷ್' ಇವತ್ತಿನ ಹುಡುಗರಿಗೆ 'ಗೆಟ್ ಲಕ್ಕಿ'ಗಿಂತ ಹತ್ತಿರ. 2013ರಲ್ಲಿ ಅದನ್ನು ಯಾರೂ ಎಣಿಸಿರಲಿಲ್ಲ.

'ಡಿಸ್ಕವರಿ' ಇಯರ್‌ಫೋನಿನಲ್ಲಿ ಚೆನ್ನಾಗಿ ಕೇಳುತ್ತದೆ, ಕಾರಿನಲ್ಲಿ ಚೆನ್ನಾಗಿ ಕೇಳುತ್ತದೆ, ಅಡುಗೆ ಮನೆಯ ಸಣ್ಣ ಸ್ಪೀಕರಿನಲ್ಲೂ ಚೆನ್ನಾಗಿ ಕೇಳುತ್ತದೆ. ಒಂದು ಗಂಟೆ, ಹದಿನಾಲ್ಕು ಹಾಡು. ಮೊದಲ ನಾಲ್ಕು ಹಾಡಿನಷ್ಟು ಗಟ್ಟಿ ಆರಂಭ ಯಾವ ಪಾಪ್ ಆಲ್ಬಮ್ಮಿಗಿದೆ, ನೀವೇ ಹೇಳಿ. ನಡುವೆ ಒಂದೆರಡು ಸಪ್ಪೆ ಇವೆ. ಕೊನೆಯ ಹತ್ತು ನಿಮಿಷದ 'ಟೂ ಲಾಂಗ್' ಹೆಸರಿಗೆ ತಕ್ಕ ಹಾಗೆ ಉದ್ದವೇ. ಅದನ್ನು ಪೂರ್ತಿ ಕೇಳಿ ಮುಗಿಸಿದವರನ್ನು ನಾನು ಕಡಿಮೆ ನೋಡಿದ್ದೇನೆ. ಆದರೆ ಅದಕ್ಕೆ ಮುಂಚೆ ಬರುವ 'ಫೇಸ್ ಟು ಫೇಸ್' ಬಿಡಬೇಡಿ. ಅಮೆರಿಕದ ಸಂಗೀತ ನಿರ್ಮಾಪಕ ಟಾಡ್ ಎಡ್ವರ್ಡ್ಸ್ ಹತ್ತಾರು ಹಳೆಯ ಹಾಡುಗಳ ಚೂರುಗಳನ್ನು ರಂಗೋಲಿ ಚುಕ್ಕಿಯ ಹಾಗೆ ಜೋಡಿಸಿದ್ದಾರೆ.

ತಟ್ಟೆಯಲ್ಲಿ ಹೆಚ್ಚೇನಾದರೂ ಸಿಗುತ್ತದಾ? ಅಷ್ಟೇನಿಲ್ಲ. ಇದು ಸ್ಯಾಂಪಲ್‌ಗಳಿಂದ, ಅಂದರೆ ಬೇರೆ ಹಾಡುಗಳ ತುಣುಕುಗಳಿಂದ, ಒತ್ತಿ ಹಿಡಿದ ಸದ್ದಿನಿಂದ ಕಟ್ಟಿದ ಆಲ್ಬಂ. ಫೋನಿನಲ್ಲಿ ಕೇಳಿದರೂ ಹೆಚ್ಚುಕಡಿಮೆ ಅದೇ ಸುಖ. ಮುಖಪುಟ ಗೋಡೆಗೆ ಚೆಂದ, ಅದು ಬೇರೆ ಮಾತು.

'ಹೋಮ್‌ವರ್ಕ್'

ಬಂಗಾಲ್ತೆರ್ ಅವರ ಮಲಗುವ ಕೋಣೆಯಲ್ಲಿ ಮಾಡಿದ್ದು, ಅದಕ್ಕೇ ಈ ಹೆಸರು. ಷಿಕಾಗೊ, ಡೆಟ್ರಾಯಿಟ್ ಊರುಗಳ ನೃತ್ಯ ಸಂಗೀತಕ್ಕೆ ಇಬ್ಬರು ಪ್ಯಾರಿಸ್ ಹುಡುಗರು ಸಲ್ಲಿಸಿದ ಗುರುದಕ್ಷಿಣೆ. 'ಟೀಚರ್ಸ್' ಎಂಬ ಹಾಡಿನಲ್ಲಿ ಗುರುಗಳ ಹೆಸರನ್ನೇ ಸಾಲಾಗಿ ಹೇಳುತ್ತಾರೆ. 'ಅರೌಂಡ್ ದ ವರ್ಲ್ಡ್'ನಲ್ಲಿ ಇರುವುದು ಅದೊಂದೇ ಸಾಲು, ಅದೇ ನೂರು ಸಲದ ಮೇಲೆ ಬರುತ್ತದೆ. ಭಜನೆ ಪ್ರಶ್ನೆಗೆ ಹೌದು ಅಂದವರು ನೇರ ಇಲ್ಲಿಗೆ ಬನ್ನಿ.

ಬಂದಾಗಿನಿಂದಲೂ ವಿಮರ್ಶಕರಿಗೆ ಇದರ ಮೇಲೆ ಗೌರವ. ಕೇಳುಗರಲ್ಲಿ ಮಾತ್ರ ಎರಡು ಪಂಗಡ. ನೃತ್ಯ ಸಂಗೀತದವರು ಇವರ ಅಸಲಿ ಆಲ್ಬಂ ಇದೊಂದೇ ಅನ್ನುತ್ತಾರೆ. 'ಡಿಸ್ಕವರಿ'ಯಿಂದ ಹಿಂದಕ್ಕೆ ಬಂದವರಿಗೆ ಇದು ಒರಟು. 'ರೋಲಿನ್ ಅಂಡ್ ಸ್ಕ್ರ್ಯಾಚಿನ್' ಏಳು ನಿಮಿಷ ಕಿವಿ ಕೆರೆಯುತ್ತದೆ, ಅದು ಬೇಕೆಂದೇ ಕೆರೆಯುವುದು. ಓಡುವವರಿಗೆ, ಜಿಮ್ಮಿಗೆ ಹೋಗುವವರಿಗೆ, ರಾತ್ರಿ ಕೂತು ಕೋಡ್ ಬರೆಯುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಮನೆಯಲ್ಲಿ ನಾಲ್ಕು ಜನ ಕೂತಿರುವಾಗ ಹಾಕಿದರೆ ಯಾರಾದರೂ ಎದ್ದು ಬಂದು ಮೆಲ್ಲಗೆ ಆರಿಸುತ್ತಾರೆ. ನಮ್ಮ ಮನೆಯಲ್ಲಿ ನಮ್ಮಮ್ಮ.

'ಹ್ಯೂಮನ್ ಆಫ್ಟರ್ ಆಲ್' ಮತ್ತು ಅದನ್ನು ಉಳಿಸಿದ 'ಅಲೈವ್ 2007'

ಇವೆರಡನ್ನು ಬೇರೆ ಬೇರೆ ನೋಡಿದರೆ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

'ಡಿಸ್ಕವರಿ'ಗೆ ವರ್ಷಗಟ್ಟಲೆ ಹಿಡಿದವರು ಇದನ್ನು ಸುಮಾರು ಆರು ವಾರದಲ್ಲಿ ಮುಗಿಸಿದರು. ಗಿಟಾರು, ಡ್ರಮ್ ಮೆಷಿನ್, ದನಿಯನ್ನು ಯಂತ್ರದ ಹಾಗೆ ಮಾಡುವ ವೋಕೋಡರ್, ಬಹುಪಾಲು ಅಷ್ಟೇ. ಒಂದು ತುಣುಕು ಹಿಡಿದರೆ ಬಿಡುವುದಿಲ್ಲ, ಅದನ್ನೇ ಅರೆಯುತ್ತಾರೆ. ಮೆಟಾಕ್ರಿಟಿಕ್ ಸರಾಸರಿ 57. ಪಿಚ್‌ಫೋರ್ಕ್ ಕೊಟ್ಟದ್ದು 4.9. ಕೇಳುಗರೂ ಕೈಬಿಟ್ಟರು. ಬಿಡುಗಡೆಗೆ ಮುಂಚೆ ಸೋರಿ ಹೊರಬಂದಾಗ ಇದು ನಕಲಿ ಇರಬೇಕು, ನಿಜವಾದದ್ದು ಆಮೇಲೆ ಬರುತ್ತದೆ ಎಂದು ನಂಬಿ ಕಾದವರೂ ಇದ್ದರು.

ಮುಂದಿನ ವರ್ಷ, 2006ರ ಏಪ್ರಿಲ್‌ನಲ್ಲಿ, ಕ್ಯಾಲಿಫೋರ್ನಿಯಾದ ಕೋಚೆಲ್ಲ ಉತ್ಸವದಲ್ಲಿ ಇಬ್ಬರೂ ಬೆಳಕಿನ ಪಿರಮಿಡ್ಡಿನ ತುದಿಯಲ್ಲಿ ನಿಂತರು. ಈ ಆಲ್ಬಂನ, ಯಾರೂ ಮೆಚ್ಚದಿದ್ದ 'ರೋಬಾಟ್ ರಾಕ್'ನಿಂದಲೇ ಶುರು. ಒಂದು ಹಾಡಿನ ತಾಳದ ಮೇಲೆ ಇನ್ನೊಂದರ ಪಲ್ಲವಿ ಕೂರಿಸುತ್ತಾ ಹೋದರು. 'ಟೆಲಿವಿಷನ್ ರೂಲ್ಸ್ ದ ನೇಷನ್' ಒಂಟಿಯಾಗಿ ಒಣಕಲು. ಅದರ ಮೇಲೆ 'ಡಿಸ್ಕವರಿ'ಯ 'ಕ್ರೆಸೆಂಡಾಲ್ಸ್' ಬಂದು ಕೂತರೆ ಮೈ ಜುಮ್ಮೆನ್ನುತ್ತದೆ. ಆ ಆರು ವಾರದ ಆಲ್ಬಂ ನಿಜಕ್ಕೂ ಒಂದು ಹಿಟ್ಟು, ರೊಟ್ಟಿ ತಟ್ಟಿದ್ದು ವೇದಿಕೆಯ ಮೇಲೆ.

ಆ ಪ್ರವಾಸದ ಒಂದು ರಾತ್ರಿ, 2007ರ ಜೂನ್ 14, ಪ್ಯಾರಿಸ್ಸಿನ ಬೆರ್ಸಿ ಅರೇನಾದಲ್ಲಿ ರೆಕಾರ್ಡ್ ಮಾಡಿದ್ದೇ 'ಅಲೈವ್ 2007'. ಇದಕ್ಕೂ ಗ್ರ್ಯಾಮಿ ಬಂತು. ಇದರ ಬಗ್ಗೆ ಮಾತ್ರ ವಿಮರ್ಶಕರಲ್ಲೂ ಕೇಳುಗರಲ್ಲೂ ಅಷ್ಟು ಜಗಳವಿಲ್ಲ. ತಕರಾರು ಇದ್ದರೆ ಜನರ ಕೂಗಿನ ಬಗ್ಗೆ. ಕೆಲವರಿಗೆ ಅದು ಅಡ್ಡಿ. ನನಗೆ ಆ ಕೂಗೇ ಅರ್ಧ ಸಂಗೀತ. 'ಅರೌಂಡ್ ದ ವರ್ಲ್ಡ್' ಮತ್ತು 'ಹಾರ್ಡರ್, ಬೆಟರ್' ಒಂದಕ್ಕೊಂದು ಡಿಕ್ಕಿ ಹೊಡೆಯುವ ಹೊತ್ತಿಗೆ ಬೆರ್ಸಿಯ ಸಾವಿರಾರು ಜನ ಏನು ಕೂಗುತ್ತಾರೆ, ಅದನ್ನು ಕೇಳಿ. ಆ ಪ್ರವಾಸ ಮುಗಿದ ಮೇಲೆ ಅವರು ಮತ್ತೆ ಪ್ರವಾಸಕ್ಕೆ ಹೊರಡಲೇ ಇಲ್ಲ. 'ರ‍್ಯಾಂಡಮ್...' ಹಾಡುಗಳನ್ನು ಹೀಗೆ ಕೇಳುವ ಭಾಗ್ಯ ಯಾರಿಗೂ ಸಿಗಲಿಲ್ಲ. 2013ರ ಸಪ್ಪೆ ಮುಖಗಳಿಗೆ ಇದೂ ಒಂದು ಕಾರಣ.

ಹಾಗಾಗಿ 'ಹ್ಯೂಮನ್ ಆಫ್ಟರ್ ಆಲ್' ಕೊಳ್ಳಬೇಡಿ. ಅದರ 'ಟೆಕ್ನಾಲಾಜಿಕ್' ಒಂದು ಸಲ ಕೇಳಿ, ಆಮೇಲೆ ಅದೇ ಹಾಡು 'ಅಲೈವ್'ನಲ್ಲಿ ಏನಾಗಿದೆ ನೋಡಿ. ಐದರಲ್ಲಿ ಬೇಡವೇ ಬೇಡ ಎಂದು ನಾನು ಖಡಾಖಂಡಿತ ಹೇಳುವುದು ಇದೊಂದಕ್ಕೇ.

'ರ‍್ಯಾಂಡಮ್...' ಅಂತ ತೀರ್ಮಾನಿಸಿದರೆ, ಯಾವ ಆವೃತ್ತಿ?

ಇದೊಂದು ಹೊಸ ಗೊಂದಲ. ಅಂಗಡಿಯಲ್ಲಿ ಮೂರು ಸಿಗುತ್ತವೆ. 2013ರದ್ದು ಎರಡು ತಟ್ಟೆ. 2023ರ ಮೇ ತಿಂಗಳಲ್ಲಿ ಬಂದ ಹತ್ತು ವರ್ಷದ ವಿಶೇಷ ಆವೃತ್ತಿ ಮೂರು ತಟ್ಟೆ, ಅದರಲ್ಲಿ 35 ನಿಮಿಷದ ಹೆಚ್ಚಿನ ಸಾಮಗ್ರಿ. ಅದೇ ವರ್ಷದ ನವೆಂಬರಿನಲ್ಲಿ ಡ್ರಮ್ಸ್ ಪೂರ್ತಿ ತೆಗೆದ ಆವೃತ್ತಿಯೂ ಬಂತು.

ಹೆಚ್ಚಿನ ಸಾಮಗ್ರಿ ಚೆನ್ನಾಗಿದೆ. 'ಫ್ರ್ಯಾಗ್ಮೆಂಟ್ಸ್ ಆಫ್ ಟೈಮ್' ಹಾಡು ಹುಟ್ಟುವಾಗಿನ ಮಾತುಕತೆ ಅಂತೂ ಹಾಡು ಬರೆಯುವ ಯಾರೇ ಆದರೂ ಕೇಳಬೇಕು. ಆದರೆ ಒಂದೆರಡು ಸಲ ಕೇಳುವಂಥದ್ದು. ಅದಕ್ಕೆ ಹೆಚ್ಚು ದುಡ್ಡು ಬೇಡ, ಆಪ್‌ನಲ್ಲಿ ಕೇಳಿ. ಡ್ರಮ್ಸ್ ಇಲ್ಲದ್ದು? ಕೇಳುಗರು ನಕ್ಕರು, ಸಾರಿಲ್ಲದ ಮುದ್ದೆ ಅನ್ನುವ ಹಾಗೆ. ಒಂದು ವಿಷಯಕ್ಕೆ ಮಾತ್ರ ಅದು ಉಪಯೋಗ. 'ಟಚ್', 'ಮದರ್‌ಬೋರ್ಡ್'ನಲ್ಲಿ ತಾಳದ ಹಿಂದೆ ಅಡಗಿದ್ದ ತಂತಿವಾದ್ಯಗಳು ಈಚೆ ಬರುತ್ತವೆ. ಬೆಳಗಿನ ಜಾವ ಓದಿಕೊಳ್ಳುವಾಗ ನಾನು ಹಾಕುವುದುಂಟು. ಕೊಳ್ಳುವ ಮಾತು ಬಂದರೆ ಸುಮ್ನೆ ಹಳೆಯ ಎರಡು ತಟ್ಟೆಯದನ್ನೇ ಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು

ದುಡ್ಡು ಖರ್ಚು ಮಾಡದೆ ಫೋನಿನಲ್ಲಿ ಕೇಳುವವರು, ಮೊದಲ ಸಲ ಬರುವವರು, ಎಲೆಕ್ಟ್ರಾನಿಕ್ ಸಂಗೀತವೇ ಹೊಸದು ಎನ್ನುವವರು 'ಡಿಸ್ಕವರಿ' ಹಿಡಿಯಿರಿ. ಮಕ್ಕಳಿರುವ ಮನೆಯಾದರೂ ಅದೇ. ಪಾಪ್ ಇಷ್ಟವಿಲ್ಲ, ಬೀಟ್ ಬೇಕು ಅಂದರೆ 'ಹೋಮ್‌ವರ್ಕ್'. ಗೆಳೆಯರು ಸೇರುವ ರಾತ್ರಿಗೆ, ಪುಣೆವರೆಗಿನ ಕಾರು ಪಯಣಕ್ಕೆ 'ಅಲೈವ್ 2007'. ಹಾಡಿನಿಂದ ಹಾಡಿಗೆ ಹಾರುವ ಅಭ್ಯಾಸ ಇದ್ದವರಿಗೆ ಮಾತ್ರ ಅದು ಒಗ್ಗುವುದಿಲ್ಲ. ನಡುವೆ ಕತ್ತರಿಸಿದರೆ ಸತ್ತುಹೋಗುತ್ತದೆ.

ಮನೆಯಲ್ಲಿ ಒಳ್ಳೆಯ ಸ್ಪೀಕರ್ ಇದೆ, ಕೂತು ಕೇಳುವ ತಾಳ್ಮೆ ಇದೆ, ದುಡ್ಡು ಹಾಕುವುದೇ ಹೌದು ಅನ್ನುವವರಿಗೆ 'ರ‍್ಯಾಂಡಮ್ ಆಕ್ಸೆಸ್ ಮೆಮರೀಸ್'. ಇಷ್ಟ 'ಡಿಸ್ಕವರಿ' ಆಗಿದ್ದರೂ ತಟ್ಟೆಗೆ ಹಾಕುವ ದುಡ್ಡು ಇದಕ್ಕೇ ಹೋಗಲಿ ಅಂತ ನಾನು ಹೇಳುತ್ತೇನೆ. ಆ ದುಡ್ಡು ಕಿವಿಗೆ ವಾಪಸ್ ಬರುವುದು ಇದರಲ್ಲೇ.

ಒಂದು ಪರೀಕ್ಷೆ ಇದೆ. ತಂಗಿ ಮಗನಿಗೂ ಇದನ್ನೇ ಹೇಳಿದೆ. "ರಾತ್ರಿ ಊಟ ಆದ ಮೇಲೆ ಫೋನ್ ಪಕ್ಕಕ್ಕಿಟ್ಟು 'ಟಚ್' ಹಾಕು. ಎಂಟು ನಿಮಿಷ. ನಡುವೆ ಎಲ್ಲಾದರೂ ಮುಂದಕ್ಕೆ ಓಡಿಸಬೇಕು ಅನಿಸಿದರೆ 'ಡಿಸ್ಕವರಿ' ತಗೋ, ಯೋಚನೆ ಮಾಡಬೇಡ." ಹನ್ನೊಂದು ಗಂಟೆಗೆ ಮೆಸೇಜ್ ಬಂತು. "ಮಾಮ, ಮೂರು ಸಲ ಕೇಳಿದೆ. ಆರ್ಡರ್ ಹಾಕಿದೆ. ಪಕ್ಕದ ರೂಮಿನವನು ಬಾಗಿಲು ಬಡೀತಿದ್ದಾನೆ, ಬೈಯೋದಕ್ಕೋ ಹಾಡು ಯಾವುದು ಅಂತ ಕೇಳೋದಕ್ಕೋ ಗೊತ್ತಿಲ್ಲ."